ಸಪ್ಪೆ ಸಾಹೇಬರ ಬೀಳ್ಕೊಡುಗೆ

ಐದು ವರ್ಷ ತಡೆದವನಿಗೆ ಇನ್ನೆರಡು ಗಂಟೆ ತಡೆಯಲಾಗಲಿಲ್ಲ. ಘಾಟಪ್ಪನ ಕತೆಯೆಲ್ಲ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿಬಿಟ್ಟರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಘಾಟಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಜತೆಯವರು ಇಟ್ಟದ್ದು. ಅವನು ಊಟದ ಡಬ್ಬಿಯ ಮುಚ್ಚಳ ತೆಗೆದರೆ ಮೂರು ಮೇಜು ಆಚೆಯವರು ಸೀನುತ್ತಿದ್ದರು. ಅವನ ಮಟ್ಟಿಗೆ ಊಟವೆಂದರೆ ಮೆಣಸಿನಕಾಯಿ. ಮಿಕ್ಕದ್ದೆಲ್ಲ ಅದನ್ನು ಬಾಯಿಯವರೆಗೆ ಹೊತ್ತು ತರುವ ಗಾಡಿ. ಚಹಾಕ್ಕೂ ಒಂದು ಮೆಣಸಿನಕಾಯಿ ಸೀಳಿ ಹಾಕಿಕೊಳ್ಳುವನು. ಮದುವೆಯಾದ ಹೊಸದರಲ್ಲಿ ಹೆಂಡತಿ ತಿಳಿಯದೆ ಆ ಲೋಟದಿಂದ ಒಂದು ಗುಟುಕು ಕುಡಿದು, ತವರಿಗೆ ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿದ್ದಳು. "ಖಾರ ನೆತ್ತಿಗೆ ಏರ್ತಲ್ಲ, ಆಗ ಕಿವಿಯೊಳಗೆ ಸಣ್ಣಗೆ ಒಂದು ಗಂಟೆ ಬಾರಿಸುತ್ತೆ ಕಣೇ. ದೇವರು ಪಕ್ಕದಲ್ಲೇ ಬಂದು ಕೂತಂಗಾಗುತ್ತೆ" ಎಂದು ಅವನು ಸಮಾಧಾನ ಹೇಳಿದ್ದ. "ಕೂತಿರೋ ದೇವರೂ ಸೀನ್ತಾ ಎದ್ದು ಹೋಗ್ತಾನೆ" ಎಂದು ಅವಳು ಉತ್ತರ ಕೊಟ್ಟಿದ್ದಳು.

ಇಂಥವನಿಗೆ ಐದು ವರ್ಷದ ವನವಾಸ ಬಂದದ್ದು ಒಂದು ಚುಕ್ಕೆಯಿಂದ.

ಮುದ್ರಣಾಲಯದ ಕರಡು ತಿದ್ದುವ ಕೋಣೆಯಲ್ಲಿ ಕೆಲಸ ಜೋಡಿಯಲ್ಲಿ ನಡೆಯುತ್ತಿತ್ತು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾಗಿ ಬಂದ ಕರಡನ್ನು ನೋಡುತ್ತ ಕೆಂಪು ಶಾಯಿಯಲ್ಲಿ ತಿದ್ದಬೇಕು. ಓದುವವನು ಘಾಟಪ್ಪ; ತಿದ್ದುವವಳು ಅವನಿಗಿಂತ ಹತ್ತು ವರ್ಷ ಹಿರಿಯಳಾದ ಶಾಯಿ ಅಕ್ಕ. ಒಂದು ಮಧ್ಯಾಹ್ನ ಊಟ ಮಾಡುತ್ತಲೇ ಭೂಗೋಳದ ಪಾಠ ಓದುವಾಗ ಘಾಟಪ್ಪನ ತುತ್ತಿನಿಂದ ಮೆಣಸಿನಕಾಯಿಯ ಕೆಂಪೆಣ್ಣೆ ಒಂದು ಹನಿ ಕರಡಿನ ಮೇಲೆ ಬಿತ್ತು. ಬಿದ್ದದ್ದು ಮುನ್ನೂರ ಇಪ್ಪತ್ತೈದು ಎಂಬ ಅಂಕಿಯಲ್ಲಿ ಮೂರಕ್ಕೂ ಎರಡಕ್ಕೂ ನಡುವೆ. ಅಕ್ಷರ ಜೋಡಿಸುವವನು ಅದನ್ನು ಶಾಯಿ ಅಕ್ಕನ ಕೆಂಪು ಗುರುತು ಎಂದುಕೊಂಡು ಭಕ್ತಿಯಿಂದ ಅಲ್ಲೊಂದು ದಶಮಾಂಶದ ಚುಕ್ಕೆ ಕೂರಿಸಿದ. ಮುನ್ನೂರ ಇಪ್ಪತ್ತೈದು ಮೈಲಿ ಹರಿಯಬೇಕಾದ ನದಿ ಮೂರೂಕಾಲು ಮೈಲಿ ಹರಿದು, ಹುಟ್ಟಿದ ಬೆಟ್ಟವನ್ನೇ ದಾಟಲಾರದೆ ಸತ್ತುಹೋಯಿತು. ನಲವತ್ತು ಸಾವಿರ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು.

ಕೋಣೆಯ ಮುಖ್ಯಸ್ಥರು ಒಂದೊಂದು ಶಾಲೆಗೂ ಸ್ವಂತ ಕೈಯಿಂದ ಕ್ಷಮಾಪಣೆಯ ಕಾಗದ ಬರೆದರು. ಬರೆದು ಮುಗಿದ ದಿನ ಬಾಗಿಲ ಮೇಲೆ ಒಂದು ಹಲಗೆ ಹಾಕಿಸಿದರು: "ಈ ಕಟ್ಟಡದೊಳಗೆ ಖಾರ ಪದಾರ್ಥ ತರಕೂಡದು." ಮರುದಿನದಿಂದ ಕ್ಯಾಂಟೀನಿನಲ್ಲಿ ಬೇಯಿಸಿದ ತರಕಾರಿ, ಬೇಯಿಸಿದ ಬೇಳೆ, ಬೇಯಿಸಿದ ಮುಖಗಳು. ಮುಖ್ಯಸ್ಥರಿಗೆ ಸಪ್ಪೆ ಸಾಹೇಬರು ಎಂದು ಹೆಸರು ಬಿತ್ತು, ಬೆನ್ನ ಹಿಂದೆ.

ಮನೆಯಲ್ಲಾದರೂ ತಿನ್ನೋಣವೆಂದರೆ, ಮುದ್ರಣಾಲಯದ ವಸತಿಸಾಲಿನಲ್ಲಿ ಘಾಟಪ್ಪನ ಅಡುಗೆಮನೆಗೆ ಗೋಡೆ ಹಂಚಿಕೊಂಡಿದ್ದ ಮನೆ ಸಾಹೇಬರದ್ದೇ. ಹೆಂಡತಿ ತೀರಿಕೊಂಡ ಮೇಲೆ ಅವರು ಅಲ್ಲಿ ಒಬ್ಬರೇ ಇದ್ದರು. ಇತ್ತ ಎಣ್ಣೆಗೆ ಒಂದು ಮೆಣಸಿನಕಾಯಿ ಬಿದ್ದರೆ ಅತ್ತ ಗೋಡೆಯಾಚೆ ಕೆಮ್ಮು ಕೇಳುತ್ತಿತ್ತು. ಕೆಮ್ಮು ನಿಂತ ಮೇಲೆ ಬಾಗಿಲು ತಟ್ಟುವ ಸದ್ದು. "ಏನಯ್ಯಾ, ಮತ್ತೆ ಶುರು ಮಾಡ್ದೆಯಾ?" ಎಂಬ ಪ್ರಶ್ನೆ. ಮೂರು ಸಲ ಹೀಗಾದ ಮೇಲೆ ಹೆಂಡತಿ ಮೆಣಸಿನಕಾಯಿಯ ಡಬ್ಬಿಯನ್ನೇ ತೊಳೆದು ಅದರಲ್ಲಿ ಸಕ್ಕರೆ ತುಂಬಿದಳು. ಆ ದಿನ ಘಾಟಪ್ಪ ಮನೆಯಲ್ಲಿ ಸಾವಾದವನಂತೆ ಕೂತಿದ್ದ.

ಇಂದು ಸಾಹೇಬರ ನಿವೃತ್ತಿ. ನಾಲ್ಕು ಗಂಟೆಗೆ ಬೀಳ್ಕೊಡುಗೆ. ನಾಡಿದ್ದು ಮನೆ ಖಾಲಿ ಮಾಡಿ ತಂಗಿಯ ಊರಿಗೆ ಪ್ರಯಾಣ.

"ಇವತ್ತೊಂದು ದಿನ ಬಾಯಿ ಕಟ್ಟಿಕೊಂಡಿರಿ" ಎಂದು ಬೆಳಿಗ್ಗೆ ಹೆಂಡತಿ ಎಚ್ಚರಿಸಿದಳು. "ಐದು ವರ್ಷ ಇದ್ದೋರಿಗೆ ಐದು ಗಂಟೆ ದೊಡ್ಡದಲ್ಲ."

"ನಾನೇನು ಚಿಕ್ಕ ಮಗುವೇನೇ?" ಎಂದ ಘಾಟಪ್ಪ.

"ಮಗು ಆಗಿದ್ರೆ ಕಟ್ಟಿ ಹಾಕ್ತಿದ್ದೆ" ಎಂದಳು ಅವಳು.

ಕಚೇರಿಯಲ್ಲಿ ಶಾಯಿ ಅಕ್ಕ ಬೀಳ್ಕೊಡುಗೆ ಪತ್ರದ ಕರಡು ಹಿಡಿದು ಕಾದಿದ್ದಳು. ಬರೆದವಳೂ ಅವಳೇ. ನಾಳೆಯಿಂದ ಸಾಹೇಬರ ಕುರ್ಚಿ ಅವಳದೇ ಆದ್ದರಿಂದ ಹೊಗಳಿಕೆಯಲ್ಲಿ ಜಿಪುಣತನ ಮಾಡಿರಲಿಲ್ಲ. ಆ ಕೋಣೆಯಲ್ಲಿ ಯಾವುದನ್ನೂ ಒಂದೇ ಸಲ ಓದುವ ಪದ್ಧತಿ ಇರಲಿಲ್ಲ. ಮೊದಲ ಸಲ ಮಾತಿಗಾಗಿ. ಎರಡನೆಯ ಸಲ ಅಲ್ಪವಿರಾಮ, ಪೂರ್ಣವಿರಾಮ ಮುಂತಾದ ಗುರುತುಗಳನ್ನೂ ಬಾಯಿಬಿಟ್ಟು ಹೇಳುತ್ತ. ಘಾಟಪ್ಪ ಹಾಗೆಯೇ ಎರಡು ಸಲ ಓದಿದ. ಸಭೆಯಲ್ಲಿ ಓದಬೇಕಾದವನೂ ಅವನೇ, ಗಂಟಲು ಚೆನ್ನಾಗಿದೆಯೆಂದು.

"ನಾಳೆ ಬಂದ ತಕ್ಷಣ ನನ್ನ ಮೊದಲ ಕೆಲಸ ಏನು ಗೊತ್ತೇನೋ? ಆ ಹಲಗೆ ಕೀಳೋದು" ಎಂದಳು ಶಾಯಿ ಅಕ್ಕ.

"ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಅಕ್ಕ."

"ಸಕ್ಕರೆ ಯಾಕೋ? ಐದು ವರ್ಷದಿಂದ ಅದೇ ತಿಂದಂಗಾಗಿದೆ."

ಎರಡು ಗಂಟೆಗೆ ಕ್ಯಾಂಟೀನಿನ ಅಡುಗೆಯವನು ಬಾಗಿಲ ಸಂದಿಯಿಂದ ಕೈಸನ್ನೆ ಮಾಡಿ ಕರೆದ. ಅವನು ಕಳ್ಳಸಾಗಣೆಯವನಂತೆ ಅತ್ತಿತ್ತ ನೋಡುತ್ತಿದ್ದ.

"ಬಾ ಅಣ್ಣ, ಬಾ. ಸಾಹೇಬ್ರನ್ನ ಗೇಟು ದಾಟಿಸಿದ ಮೇಲೆ ಎಲ್ಲರಿಗೂ ಹಂಚೋಕೆ ಅಂತ ಮಾಡಿದೀನಿ. ಖಾರ ಸರಿಯಾಗಿದೆಯಾ ಅಂತ ನೋಡೋಕೆ ಯಾರೂ ಇಲ್ಲ. ನನ್ನ ನಾಲಗೆ ಐದು ವರ್ಷದಿಂದ ರಜದ ಮೇಲಿದೆ."

ಮುಚ್ಚಿದ ಬಾಣಲೆಯೊಳಗೆ, ಹೊಟ್ಟೆ ಸೀಳಿ ಮಸಾಲೆ ತುಂಬಿ ಹುರಿದ ಹಸಿಮೆಣಸಿನಕಾಯಿಗಳು ದಪ್ಪ ಸಾಹುಕಾರರಂತೆ ಸಾಲಾಗಿ ಮಲಗಿದ್ದವು. ಪಕ್ಕದ ಕೊಡದಲ್ಲಿ ನಿಂಬೆ ಶರಬತ್ತು. ಅದರಲ್ಲೂ ಜಜ್ಜಿದ ಮೆಣಸಿನಕಾಯಿ ತೇಲುತ್ತಿತ್ತು.

"ಬೇಡಪ್ಪ, ನಾಲ್ಕು ಗಂಟೆಗೆ ಓದ್ಬೇಕು" ಎಂದ ಘಾಟಪ್ಪ. ಎನ್ನುವಷ್ಟರಲ್ಲಿ ಅವನ ಕೈ ಬಾಣಲೆಯೊಳಗಿತ್ತು.

ಮೊದಲನೆಯದನ್ನು ಕಣ್ಣು ಮುಚ್ಚಿ ತಿಂದ. ಮೊದಲು ಉಪ್ಪು, ಹಿಂದೆಯೇ ಹುಳಿ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಸಾಲ ಕೊಟ್ಟವನು ಊರು ಬಿಟ್ಟನೇನೋ ಎನ್ನುವಷ್ಟರಲ್ಲಿ ಖಾರ ಬಾಗಿಲು ಮುರಿದು ಒಳಗೆ ಬಂತು. ಕಿವಿಯೊಳಗೆ ಗಂಟೆ ಬಾರಿಸಿತು. ಐದು ವರ್ಷ ಮಣ್ಣು ಮುಚ್ಚಿಕೊಂಡಿದ್ದ ಬಾವಿಗೆ ನೀರು ಬಂದಂತಾಯಿತು.

"ಹೇಗಿದೆ?"

"ಇನ್ನೊಂದು ತಿನ್ನದೆ ಹೇಗೆ ಹೇಳೋದು?"

ಎರಡನೆಯದೂ ಆಯಿತು. ಶರಬತ್ತು ಒಂದು ಲೋಟ ಆಯಿತು. ತಣ್ಣಗೆ ಒಳಗೆ ಹೋಗಿ ಬಿಸಿಯಾಗಿ ಮೇಲೆ ಬರುವ ಅಂಥ ಪಾನೀಯವನ್ನು ಮಾಡಿದ ಕೈಗೆ ಬಂಗಾರದ ಕಡಗ ತೊಡಿಸಬೇಕೆಂದು ಘಾಟಪ್ಪನಿಗೆ ಅನಿಸಿತು. ಆಗ ಅಡುಗೆಯವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ. ಒಳಗೆ ಮೂರು ಸೂಜಿಮೆಣಸಿನಕಾಯಿ. ಉಗುರಿಗಿಂತ ತುಸು ಉದ್ದ, ದೀಪದ ಕುಡಿಯ ಹಾಗೆ ಕೆಂಪು.

"ಮನೆ ಹಿಂದೆ ಬೆಳೆದದ್ದು. ನನ್ನ ಬಾವಮೈದ ಅರ್ಧ ತಿಂದು ಎರಡು ದಿನ ಯಾರ ಜತೆಗೂ ಮಾತಾಡ್ಲಿಲ್ಲ. ಇದನ್ನ ರಾತ್ರಿಗೆ ಇಟ್ಟುಕೋ."

ಘಾಟಪ್ಪ ಅವನ್ನು ಅಂಗೈಯಲ್ಲಿಟ್ಟುಕೊಂಡು, ತೊಟ್ಟಿಲ ಕೂಸನ್ನು ನೋಡುವಂತೆ ನೋಡುತ್ತಿದ್ದ. ಬೆರಳಿನಿಂದ ಒಂದನ್ನು ಚಿವುಟಿ ಮೂಸಿಯೂ ನೋಡಿದ. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು.

"ಸಾಹೇಬ್ರು!" ಎಂದ ಅಡುಗೆಯವನು.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ಅಡುಗೆಯವನು ಕೊಡವನ್ನು ಮೇಜಿನ ಕೆಳಗೆ ತಳ್ಳಿ, ಬಾಣಲೆಯ ಮುಚ್ಚಳದ ಮೇಲೆ ತಾನೇ ಕೂತ. ಬಾಣಲೆ ಇನ್ನೂ ಬಿಸಿಯಾಗಿತ್ತೆಂಬುದು ಅವನಿಗೆ ಕೂತ ಮೇಲೆ ನೆನಪಾಯಿತು. ಘಾಟಪ್ಪ ಕೈಯಲ್ಲಿದ್ದ ಮೂರನ್ನೂ ಬಾಯಿಗೆ ಎಸೆದು ಎಡದ ಕೆನ್ನೆಯೊಳಗೆ ಅಡಗಿಸಿದ. ಇಡಿಯಾಗಿ ಇರುವವರೆಗೆ ಮೆಣಸಿನಕಾಯಿ ಸಭ್ಯ ಪ್ರಾಣಿ. ಒಡೆಯದಿದ್ದರೆ ಸರಿ ಎಂದು ಅವನ ಲೆಕ್ಕ.

ಸಪ್ಪೆ ಸಾಹೇಬರು ಒಳಗೆ ಬಂದರು. ಉದ್ದನೆಯ, ಬಾಗಿದ, ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂಥ ಮನುಷ್ಯ. ಸುತ್ತಲೂ ಒಮ್ಮೆ ನೋಡಿದರು.

"ಕೊನೆ ಸಲ ಒಂದು ಸುತ್ತು ಹಾಕೋಣ ಅಂತ ಬಂದೆ ಕಣಯ್ಯ. ಮೂವತ್ತೆಂಟು ವರ್ಷ ಆಯ್ತು. ನೀನೇನು ಇಲ್ಲಿ?"

"ಹ್ಞೂಂ" ಎಂದ ಘಾಟಪ್ಪ, ತುಟಿ ಬಿಚ್ಚದೆ.

"ನಿನಗೆ ನನ್ನ ಮೇಲೆ ಸಿಟ್ಟಿದೆ. ನನಗೆ ಗೊತ್ತು."

"ಹ್ಞುಂಹ್ಞುಂ."

"ಮಾತೇ ಹೊರಡ್ತಾ ಇಲ್ಲ ನಿನಗೆ. ಯಾಕೋ, ಕೆನ್ನೆ ಊದಿದೆಯಲ್ಲ? ಹಲ್ಲುನೋವಾ?"

ಹೌದೆಂದು ಘಾಟಪ್ಪ ತಲೆ ಆಡಿಸಿದ. ಸಾಹೇಬರಿಗೆ ಮರುಕ ಬಂತು. ಐದು ವರ್ಷದಲ್ಲಿ ಒಮ್ಮೆಯೂ ಯಾರನ್ನೂ ಮುಟ್ಟಿ ಮಾತಾಡಿಸದ ಮನುಷ್ಯ ಕೈ ಚಾಚಿ ಆ ಉಬ್ಬಿದ ಎಡಗೆನ್ನೆಯನ್ನು ಮಗುವಿನ ಕೆನ್ನೆಯಂತೆ ಎರಡು ಸಲ ತಟ್ಟಿದರು.

ಮೂರೂ ಒಡೆದವು.

ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಎಂದು ಗಾದೆಯಲ್ಲಿ ಹೇಳುತ್ತಾರೆ. ಗಾದೆ ಮಾಡಿದವನು ಸೂಜಿಮೆಣಸಿನಕಾಯಿಯ ಸುದ್ದಿ ಕೇಳಿರಲಿಲ್ಲ. ಘಾಟಪ್ಪ ನುಂಗಿದ. ನುಂಗಿದ್ದು ಗಂಟಲಲ್ಲಿ ಒಂದೊಂದೇ ಮೆಟ್ಟಿಲಿಗೂ ಬೆಂಕಿ ಹಚ್ಚುತ್ತ ಇಳಿಯಿತು.

"ನಡಿ, ನಾಲ್ಕರವರೆಗೆ ಕಾಯೋದ್ಯಾಕೆ" ಎಂದು ಸಾಹೇಬರು ಅವನ ಕೈ ಹಿಡಿದುಕೊಂಡೇ ಸಭೆಗೆ ಕರೆದೊಯ್ದರು. ಅವರಿಗೆ ಬೇಗ ಮುಗಿಸುವ ಆತುರ. ಆಗಲೇ ಎಲ್ಲರನ್ನೂ ಕರೆಸಿ ಸೇರಿಸಿಬಿಟ್ಟರು.

ಸಭೆ ನಡೆದದ್ದು ಕಾಗದದ ಉಗ್ರಾಣದಲ್ಲಿ. ಮುಂದಿನ ಸಾಲಿನಲ್ಲಿ ಶಾಯಿ ಅಕ್ಕ, ಅವಳ ಪಕ್ಕದಲ್ಲಿ ಪುಸ್ತಕದ ಬೆನ್ನು ಹೊಲಿಯುವ ಬೈಂಡರ್ ತಾತ. ಹಿಂದೆ ಐವತ್ತು ಮಂದಿ, ಬಸ್ಸಿಗೆ ಕಾದವರ ಮುಖ ಹೊತ್ತು. ಒಬ್ಬರ ಕಣ್ಣಲ್ಲೂ ಒಂದು ಹನಿ ಇರಲಿಲ್ಲ. ನಿಜವಾದ ದುಃಖಕ್ಕೆ ಕಣ್ಣೀರು ಕರೆದರೂ ಬರುವುದಿಲ್ಲ, ಅದು ಬೇರೆ ಮಾತು. ಇಲ್ಲಿ ದುಃಖವೇ ಇರಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಕೂತು ಆ ಒಣ ಮುಖಗಳನ್ನು ಒಂದೊಂದಾಗಿ ನೋಡಿ ನೆಲ ನೋಡಿದರು.

ಘಾಟಪ್ಪ ಪತ್ರ ಹಿಡಿದು ನಿಂತ.

"ಮಾನ್ಯರೇ... ಸ್ಸ್... ತಾವು ನಮ್ಮನ್ನು ಅಗಲುವ ಈ ಹೊತ್ತಿನಲ್ಲಿ... ಹಾ... ನಮ್ಮ ನಾಲಗೆ ಕಟ್ಟಿದೆ..."

ಧ್ವನಿ ಕಟ್ಟಿಯೇ ಇತ್ತು. ಮೂಗು ಸೋರತೊಡಗಿತು. ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"...ನಮ್ಮ ಕಣ್ಣುಗಳು ಹನಿಗೂಡಿವೆ..."

ಹೇಳಿ ಮಾಡಿಸಿದಂತೆ ಎರಡು ಹನಿ ಪಟಪಟನೆ ಪತ್ರದ ಮೇಲೆ ಬಿದ್ದವು. ಅಕ್ಷರ ಕಾಣಲೆಂದು ಘಾಟಪ್ಪ ಬೆರಳಿನಿಂದ ಕಣ್ಣು ಒರೆಸಿಕೊಂಡ. ಅದು ಸೂಜಿಮೆಣಸಿನಕಾಯಿ ಚಿವುಟಿದ ಬೆರಳು. ಅಲ್ಲಿಂದ ಮುಂದೆ ಕಣ್ಣೀರು ಹನಿಯಾಗಿ ಬರಲಿಲ್ಲ, ಹೊಳೆಯಾಗಿ ಬಂತು. "ಅಯ್ಯೋ ದೇವರೇ" ಎಂದು ಅವನು ಪತ್ರದಲ್ಲಿ ಇಲ್ಲದ ಮಾತನ್ನೂ ಓದಿದ.

"ಸಾಕು ಕಣೋ, ಅತಿಯಾಯ್ತು" ಎಂದು ಶಾಯಿ ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಇವನು ಹುಟ್ಟಾ ನಾಟಕದೋನು. ನಾವು ಸುಮ್ಮನೆ ಓದೋಕೆ ಹಾಕಿದೀವಿ" ಎಂದು ಬೈಂಡರ್ ತಾತ ಮೆಚ್ಚಿ ತಲೆದೂಗಿದ.

ಯಾರೋ ನೀರು ಕೊಟ್ಟರು. ನೀರು ಬಿದ್ದು ಉರಿ ಬಾಯಿಯ ಮೂಲೆ ಮೂಲೆಗೂ ಹರಡಿತು. ಘಾಟಪ್ಪ ಬಿಕ್ಕಿದ, ಬಿಕ್ಕಿ ಬಿಕ್ಕಿ ಪತ್ರ ಮುಗಿಸಿ ಕೂರಲು ಹೊರಟ.

ಸಾಹೇಬರು ಕೈ ಎತ್ತಿದರು.

"ಇನ್ನೊಂದು ಸಲ ಓದಪ್ಪ. ನಮ್ಮಲ್ಲಿ ಯಾವುದನ್ನೂ ಒಂದೇ ಸಲ ಓದಿ ಬಿಟ್ಟಿದ್ದಿಲ್ಲ."

ಎರಡನೆಯ ಸಲ ಎಂದೊಡನೆ ಘಾಟಪ್ಪನ ಬಾಯಿ ಇಪ್ಪತ್ತು ವರ್ಷದ ಅಭ್ಯಾಸದ ದಾರಿ ಹಿಡಿಯಿತು. ತಲೆಗೆ ಹೇಗೂ ಬೆಂಕಿ ಬಿದ್ದಿತ್ತು.

"ಮಾನ್ಯರೇ ಅಲ್ಪವಿರಾಮ ತಾವು ನಮ್ಮನ್ನು ಅಗಲುವ... ಹೂಂ... ತಮ್ಮಂಥ ಹಿರಿಯರು ಅಲ್ಪವಿರಾಮ ತಮ್ಮಂಥ ಮೃದು ಹೃದಯಿಗಳು... ಸ್ಸ್ ಹಾ... ನಮಗೆ ಮತ್ತೆ ಸಿಗುವರೇ ಪ್ರಶ್ನಾರ್ಥಕ! ಅಯ್ಯೋ ಆಶ್ಚರ್ಯಸೂಚಕ!"

ಕೊನೆಯದು ಪತ್ರದಲ್ಲಿ ಇರಲಿಲ್ಲ. ಪೂರ್ಣವಿರಾಮ ತಲುಪುವ ಹೊತ್ತಿಗೆ ಅವನು ಕಾಗದದ ಕಟ್ಟಿನ ಮೇಲೆ ತಲೆ ಇಟ್ಟು ಗೋಳಾಡುತ್ತಿದ್ದ.

ಸಾಹೇಬರು ಎದ್ದು ನಿಂತು, ಒಳಜೇಬಿನಿಂದ ಒಂದು ಲಕೋಟೆ ತೆಗೆದರು.

"ಯಜಮಾನರು ಹೋದ ವಾರವೇ ಈ ಕಾಗದ ಕಳಿಸಿದ್ರು. ಹೊಸ ಪಠ್ಯಪುಸ್ತಕದ ಕೆಲಸ ಬರ್ತಾ ಇದೆ, ಇನ್ನೂ ಸ್ವಲ್ಪ ಕಾಲ ಮುಂದುವರೀರಿ ಅಂತ. ಬೇಡ ಅಂತ ಬರೆಯೋಣ ಅಂತಿದ್ದೆ. ಯಾರಿಗೋಸ್ಕರ ಇರ್ಬೇಕು? ನನ್ನನ್ನ ಕಂಡ್ರೆ ಇಲ್ಲಿ ಯಾರಿಗೂ ಆಗಲ್ಲ ಅಂದ್ಕೊಂಡಿದ್ದೆ." ಅವರು ಘಾಟಪ್ಪನ ಕಡೆ ಕೈ ತೋರಿಸಿದರು. "ಒಂದು ಜೀವ ಹೀಗೆ ಅಳೋದನ್ನ ನೋಡಿ ಹೇಗೆ ಹೋಗಲಿ? ನಾನು ಹೋಗಲ್ಲ. ಇಲ್ಲೇ ಇರ್ತೀನಿ!"

ಚಪ್ಪಾಳೆ ಬಿತ್ತು. ಒಂದೊಂದು ಚಪ್ಪಾಳೆಯೂ ಘಾಟಪ್ಪನ ಕೆನ್ನೆಗೆ ಬಿದ್ದಂತಿತ್ತು. ಶಾಯಿ ಅಕ್ಕನ ಮುಖ ಕೆಂಪು ಶಾಯಿಯ ದೌತಿಯಾಗಿತ್ತು.

ಹೊರಗಿನ ಓಣಿಯಲ್ಲಿ ಅವನನ್ನು ಗೋಡೆಗೆ ಒತ್ತಿ ಹಿಡಿದರು.

"ಏನೋ ಮಾಡಿದೆ ನೀನು, ಪುಣ್ಯಾತ್ಮ?" ಎಂದಳು ಶಾಯಿ ಅಕ್ಕ. "ಹಲಗೆ ಹೋಗ್ಲಿ, ನನ್ನ ಕುರ್ಚಿ ಹೋಯ್ತಲ್ಲೋ!"

"ಅಕ್ಕ, ಅಳ್ಲಿಲ್ಲ ನಾನು. ಮೆಣಸಿನಕಾಯಿ. ಮೂರು."

"ನನ್ನ ಹಿಂಭಾಗ ಸುಟ್ಟುಕೊಂಡದ್ದಕ್ಕೆ ಇದಾ ಫಲ?" ಎಂದು ಅಡುಗೆಯವನು ನಿಂತುಕೊಂಡೇ ಕೇಳಿದ. ಅವನಿಗೆ ಕೂರುವ ಸ್ಥಿತಿ ಇರಲಿಲ್ಲ.

"ಹೋಗಿ ನಿಜ ಹೇಳು" ಎಂದ ಬೈಂಡರ್ ತಾತ. "ಈಗಲೇ ಹೇಳು, ಆ ಕಾಗದಕ್ಕೆ ಸಹಿ ಬೀಳೋದರೊಳಗೆ. ಬೈತಾರೆ, ಬೈಲಿ. ಐವತ್ತು ಜನರ ನಾಲಗೆ ನಿನ್ನ ಕೈಯಲ್ಲಿದೆ ಕಣಪ್ಪ."

ಘಾಟಪ್ಪ ಸಾಹೇಬರ ಕೋಣೆಯ ಬಾಗಿಲು ತಳ್ಳಿದ. ಅವರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಎದುರಿಗೆ ಕಾಗದ, ಪೆನ್ನು. ಸಭೆಯ ಚಿಂತೆಯಲ್ಲಿ ಮಧ್ಯಾಹ್ನ ಊಟ ಸೇರಿರಲಿಲ್ಲವಂತೆ, ಈಗ ಹಸಿವಾಗಿದೆಯಂತೆ.

"ಸಾರ್" ಎಂದ ಘಾಟಪ್ಪ. ತುಟಿಗಳು ಇನ್ನೂ ಅವನ ಮಾತು ಕೇಳುತ್ತಿರಲಿಲ್ಲ. "ಒಂದು ತಪ್ಪೊಪ್ಪಿಗೆ ಇದೆ. ನಾನು ಅತ್ತದ್ದು ನಿಜ ಅಲ್ಲ. ಮೆಣಸಿನಕಾಯಿ ತಿಂದಿದ್ದೆ ಸಾರ್. ಅದಕ್ಕೇ ಕಣ್ಣೀರು ಬಂತು."

"ಗೊತ್ತು" ಎಂದರು ಸಾಹೇಬರು.

ಘಾಟಪ್ಪನ ಬಾಯಿ ತೆರೆದುಕೊಂಡಿತು.

"ಮೂವತ್ತು ವರ್ಷ ಮೂರು ಹೊತ್ತೂ ತಿಂದೋನು ನಾನು. ನನ್ನಾಕೆ ಇದ್ದಾಗ ನಮ್ಮನೇಲಿ ಹಾಲಿಗೊಂದು ಬಿಟ್ಟು ಮಿಕ್ಕದ್ದಕ್ಕೆಲ್ಲ ಮೆಣಸಿನಕಾಯಿ. ಅವಳು ಹೋದಳು, ಡಾಕ್ಟರು ಖಾರ ಬಿಡಿಸಿದ್ರು. ಗೋಡೆಯಾಚೆಯಿಂದ ನಿಮ್ಮನೆ ಘಾಟು ಬಂದ್ರೆ ತಡೆಯೋಕೆ ಆಗ್ತಿರಲಿಲ್ಲ, ಅದಕ್ಕೇ ಬಂದು ಜಗಳ ಆಡ್ತಿದ್ದೆ. ಪತ್ರ ಓದೋಕೆ ನೀನು ಬಾಯಿ ತೆಗೆದಾಗ್ಲೇ ಎರಡು ಮಾರು ದೂರಕ್ಕೆ ವಾಸನೆ ಗೊತ್ತಾಯ್ತು. ಸೂಜಿಮೆಣಸು."

"ಮತ್ತೆ... ಗೊತ್ತಿದ್ದೂ..."

"ಗೊತ್ತಿದ್ದದ್ದಕ್ಕೇ ಕಣಯ್ಯ!" ಸಾಹೇಬರು ಅವನ ಕೈ ಹಿಡಿದುಕೊಂಡರು. "ಅಲ್ಲಿ ಐವತ್ತು ಜನ ಇದ್ರು. ಸುಳ್ಳಿಗಾದ್ರೂ ಒಂದು ಹನಿ ಹಾಕೋಣ ಅಂತ ಯಾರಿಗೂ ಅನಿಸ್ಲಿಲ್ಲ. ಈ ಮುದುಕನ ಮನಸ್ಸು ನೋಯಬಾರದು, ಒಬ್ಬನಾದ್ರೂ ಅಳ್ಬೇಕು ಅಂತ ಸೂಜಿಮೆಣಸಿನಕಾಯಿ ಕಚ್ಚಿದೋನು ನೀನೊಬ್ಬನೇ. ಐದು ವರ್ಷದಿಂದ ಖಾರ ಮುಟ್ಟದ ನಾಲಗೆ, ಎಷ್ಟು ಉರಿದಿರ್ಬೇಕು! ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಇಷ್ಟು ಮಾಡಲ್ಲ."

"ಹಾಗಲ್ಲ ಸಾರ್, ನಾನು ಇಷ್ಟಪಟ್ಟು..."

"ಇಷ್ಟಪಟ್ಟೇ ಮಾಡಿದೆ, ಗೊತ್ತಯ್ಯ. ಕಷ್ಟಪಟ್ಟೆ ಅಂತ ಹೇಳ್ಕೊಳ್ಳೋ ಜಾತಿ ಅಲ್ಲ ನೀನು. ಕೂತ್ಕೋ. ಬಾಯಿ ತೆಗಿ."

ಬಾಯಿ ತೆರೆದೇ ಇತ್ತು. ಸಾಹೇಬರು ಡಬ್ಬಿಯಿಂದ ಒಂದು ದೊಡ್ಡ ಚಮಚ ಬೇಯಿಸಿದ ಸೋರೆಕಾಯಿ ತೆಗೆದು ಅದರೊಳಗೆ ಇಟ್ಟರು. ಉಪ್ಪೂ ಇರಲಿಲ್ಲ.

"ಉರಿಗೆ ಇದೇ ಮದ್ದು. ನಾಳೆಯಿಂದ ದಿನಾ ನಿನಗೂ ಸೇರಿಸಿ ಬೇಯಿಸ್ತೀನಿ. ಪಕ್ಕದ ಮನೇನೇ ತಾನೇ, ರಾತ್ರಿಗೂ ತಂದುಕೊಡ್ತೀನಿ. ನನಗೂ ಒಬ್ಬನೇ ಉಣ್ಣೋದು ತಪ್ಪುತ್ತೆ."

ಆ ಮುದುಕನ ಮುಖದಲ್ಲಿ ಐದು ವರ್ಷದಿಂದ ಯಾರೂ ನೋಡದ ನಗು ಇತ್ತು. ಆ ನಗುವಿನ ಮುಂದೆ ಇನ್ನೊಂದು ಸಲ ನಿಜ ಹೇಳುವ ಧೈರ್ಯ ಘಾಟಪ್ಪನಿಗೆ ಬರಲಿಲ್ಲ. ಸೋರೆಕಾಯಿ ಬಾಯಲ್ಲಿ ಎತ್ತಲೂ ಹೋಗದೆ ನೆಂಟರಂತೆ ಕೂತಿತ್ತು. ಹಲಗೆಯನ್ನು ನೆನೆದ, ಬಾಣಲೆಯನ್ನು ನೆನೆದ, ಮನೆಯಲ್ಲಿ ಕಾದಿರುವ ಹೆಂಡತಿಯನ್ನು ನೆನೆದ. ಅವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಈ ಸಲದ ನೀರಿಗೆ ಯಾವ ಮೆಣಸಿನಕಾಯಿಯ ಹಂಗೂ ಇರಲಿಲ್ಲ.

ಸಾಹೇಬರು ಅದನ್ನು ನೋಡಿದರು. ಮೂಸಿಯೂ ನೋಡಿದರು. ಅವರ ಕಣ್ಣೂ ತುಂಬಿ ಬಂತು.

"ಆಯ್ತಪ್ಪ, ಆಯ್ತು, ಅಳಬೇಡ" ಎಂದು ಯಜಮಾನರಿಗೆ ಬರೆದಿದ್ದ ಒಪ್ಪಿಗೆಯ ಕಾಗದವನ್ನು ಹತ್ತಿರ ಎಳೆದುಕೊಂಡರು. ಅದರಲ್ಲಿ 'ಒಂದು ವರ್ಷ' ಎಂದಿದ್ದುದನ್ನು ಹೊಡೆದುಹಾಕಿ, ಮೇಲೆ ದುಂಡಗೆ 'ಮೂರು' ಎಂದು ಬರೆದು ಸಹಿ ಹಾಕಿದರು.